29 ನಿಮಿಷ 59 ಸೆಕೆಂಡು: ಅಗ್ಗದ ಕ್ಯಾಮೆರಾ ಅರ್ಧ ಗಂಟೆಗೆ ಯಾಕೆ ನಿಲ್ಲುತ್ತಿತ್ತು?

ಪುಣೆ, ಹೈದರಾಬಾದ್, ನೋಯ್ಡಾ ಕಡೆಯಿಂದ ನಮಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. "ಮನೆಯ ಒಂದು ರೂಮನ್ನೇ ಸ್ಟುಡಿಯೋ ಮಾಡ್ಕೊಂಡಿದ್ದೀವಿ. ಕನ್ನಡದಲ್ಲಿ ಮಾತು, ಸಂದರ್ಶನ ರೆಕಾರ್ಡ್ ಮಾಡ್ಬೇಕು. ಕಡಿಮೆ ದುಡ್ಡಿಗೆ ಯಾವ ಮಿರರ್‌ಲೆಸ್ ಕ್ಯಾಮೆರಾ ತಗೊಳ್ಳೋದು?" ಉತ್ತರ ಹೇಳ್ತೀನಿ, ಆದರೆ ಇತಿಹಾಸದ ದಾರಿಯಲ್ಲಿ ಹೋಗಿ ಹೇಳ್ತೀನಿ. ಕಡಿಮೆ ದುಡ್ಡು ಅಂದ್ರೆ ಸಾಮಾನ್ಯವಾಗಿ ಸೆಕೆಂಡ್ ಹ್ಯಾಂಡ್, ಅಥವಾ ನಾಲ್ಕೈದು ವರ್ಷ ಹಳೆಯ ಮಾದರಿ. ಯಾವ ವರ್ಷದ ಕ್ಯಾಮೆರಾಗೆ ಯಾವ ಕಟ್ಟುಪಾಡು ಇತ್ತು ಅಂತ ಗೊತ್ತಿಲ್ಲದೆ ಕೊಂಡರೆ ಪೆಟ್ಟು ಬೀಳುತ್ತೆ. ನಮಗೆ ಬಿದ್ದಿದೆ.

ಮುಂಬೈಯಲ್ಲಿ ಒಬ್ಬ ಹಿರಿಯರ ಸಂದರ್ಶನ. ಹುಡುಗನಾಗಿದ್ದಾಗ ಕರಾವಳಿಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಮೊದಲ ಅರ್ಧ ಗಂಟೆ ಊರು, ಮನೆತನ ಅಂತ ಹೋಯ್ತು. ಆಮೇಲೆ ತಮ್ಮ ಮೇಷ್ಟ್ರ ವಿಷಯಕ್ಕೆ ಬಂದರು, ಗಂಟಲು ಕಟ್ಟಿತು, ಮಾತು ಬೇರೆಯೇ ಆಯ್ತು. ಮುಗಿದ ಮೇಲೆ ನೋಡಿದರೆ ಕ್ಯಾಮೆರಾ ಸರಿಯಾಗಿ 29 ನಿಮಿಷ 59 ಸೆಕೆಂಡಿಗೆ ನಿಂತಿತ್ತು. ಮೇಷ್ಟ್ರ ಕತೆ ಒಂದಕ್ಷರವೂ ಇಲ್ಲ. "ಇನ್ನೊಂದು ಸಲ ಹೇಳ್ತೀರಾ ಅಜ್ಜ?" ಅಂತ ಕೇಳಿದ್ವಿ. ಪಾಪ, ಹೇಳಿದರು. ನಾಲ್ಕೇ ನಿಮಿಷದಲ್ಲಿ ಮುಗೀತು.

ಬ್ಯಾಟರಿ ಇತ್ತು, ಕಾರ್ಡಿನಲ್ಲಿ ಜಾಗ ಇತ್ತು. ಮತ್ತೆ ಯಾಕೆ ನಿಂತಿತು? ಮೊದಲಿಂದ ನೋಡೋಣ.

ಮೊದಲ ಗೋಡೆ: 4 ಜಿಬಿ

2008ರ ಆಗಸ್ಟ್‌ನಲ್ಲಿ ನಿಕಾನ್ ಕಂಪನಿ ಡಿ90 ಕ್ಯಾಮೆರಾ ಘೋಷಿಸಿತು. ವಿಡಿಯೋ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಅದು. ಎಚ್‌ಡಿ ಗುಣಮಟ್ಟದಲ್ಲಿ ಒಂದು ಸಲಕ್ಕೆ 5 ನಿಮಿಷ ಮಾತ್ರ. ಮರು ತಿಂಗಳೇ ಕ್ಯಾನನ್‌ನ 5ಡಿ ಮಾರ್ಕ್ ಟು ಬಂತು. ಅದರಲ್ಲಿ ಫುಲ್ ಎಚ್‌ಡಿ, ಸುಮಾರು 12 ನಿಮಿಷ. ಆಗಿನ ಮೆಮೊರಿ ಕಾರ್ಡುಗಳಲ್ಲಿ ಬಳಸುತ್ತಿದ್ದ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲಿನ ಅಳತೆಯನ್ನು 32 ಬಿಟ್‌ನಲ್ಲಿ ಬರೆದಿಡ್ತಾರೆ. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, 4 ಜಿಬಿ ದಾಟಿದರೆ ಅಲ್ಲಿಗೆ ಮುಗೀತು. ಸೆಕೆಂಡಿಗೆ ನಲವತ್ತು ಚಿಲ್ಲರೆ ಮೆಗಾಬಿಟ್‌ನಂತೆ ತುಂಬಿದರೆ 4 ಜಿಬಿಗೆ ಹನ್ನೆರಡು ಹದಿಮೂರು ನಿಮಿಷವೇ ಆಗೋದು.

ಆ ಕ್ಯಾಮೆರಾಗೆ ಇನ್ನೊಂದು ತೊಂದರೆ ಇತ್ತು, ಅದು ನಮ್ಮ ದೇಶಕ್ಕೂ ಸಂಬಂಧಪಟ್ಟದ್ದು. ಮೊದಲಿಗೆ ಅದು ಸೆಕೆಂಡಿಗೆ 30 ಫ್ರೇಮ್ ಮಾತ್ರ ತೆಗೀತಿತ್ತು. ನಮ್ಮ ಮನೆಯ ಕರೆಂಟು 50 ಹರ್ಟ್ಸ್. ಆ ಕರೆಂಟಿನಲ್ಲಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗ್ತವೆ. ನಮ್ಮ ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತೆ. 30 ಫ್ರೇಮ್‌ಗೂ ಈ ಮಿನುಗಿಗೂ ತಾಳ ಕೂಡದಿದ್ದರೆ ಹಿಂದಿನ ಗೋಡೆಯ ಮೇಲೆ ಪಟ್ಟೆಪಟ್ಟೆ ಓಡಾಡುತ್ತೆ. 25 ಫ್ರೇಮ್ ಇಟ್ಟು ಶಟರನ್ನು 1/50ಕ್ಕೆ ಹಾಕಿದರೆ ತಾಳ ಕೂಡುತ್ತೆ. ಕ್ಯಾನನ್ ಆ 25 ಫ್ರೇಮ್ ಕೊಟ್ಟಿದ್ದು 2010ರ ಮಾರ್ಚ್‌ನ ಫರ್ಮ್‌ವೇರ್ ಅಪ್‌ಡೇಟ್‌ನಲ್ಲಿ.

ಇದೇ 2008ರ ಸೆಪ್ಟೆಂಬರಿನಲ್ಲಿ ಪ್ಯಾನಾಸೋನಿಕ್ ಲೂಮಿಕ್ಸ್ ಜಿ1 ಕೂಡ ಘೋಷಣೆಯಾಯ್ತು. ಮೈಕ್ರೋ ಫೋರ್ ಥರ್ಡ್ಸ್ ಮಾದರಿಯ ಮೊದಲ ಕ್ಯಾಮೆರಾ. ಇವತ್ತಿನ ಮಿರರ್‌ಲೆಸ್ ವಂಶ ಶುರುವಾಗೋದು ಅಲ್ಲಿಂದ. ತಮಾಷೆ ಅಂದ್ರೆ ಅದರಲ್ಲಿ ವಿಡಿಯೋ ಇರಲೇ ಇಲ್ಲ. 2009ರಲ್ಲಿ ಬಂದ ಜಿಎಚ್1ರಲ್ಲಿ ವಿಡಿಯೋ ಸೇರಿತು. ಡಿಎಸ್‌ಎಲ್‌ಆರ್‌ನಲ್ಲಿ ವಿಡಿಯೋ ತೆಗೆಯುವಾಗ ಒಳಗಿನ ಕನ್ನಡಿ ಮೇಲೆದ್ದು ಸುಮ್ಮನೆ ಕೂತಿರುತ್ತೆ. ವಿಡಿಯೋಗೆ ಅದು ಬರೀ ಭಾರ. ಹಾಗಾಗಿ ವಿಡಿಯೋ ಮಂದಿ ಕನ್ನಡಿ ಇಲ್ಲದ ಕ್ಯಾಮೆರಾ ಕಡೆ ವಾಲಿದ್ದು ಸಹಜವೇ.

4 ಜಿಬಿ ಗೋಡೆ ಬೇಗ ಬಿತ್ತು. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಎಸ್‌ಡಿ ಕಾರ್ಡುಗಳು ಎಕ್ಸ್‌ಫ್ಯಾಟ್‌ಗೆ ಹೋದವು. ಕ್ಯಾಮೆರಾಗಳೂ ಫೈಲನ್ನು ತಾವೇ ತುಂಡು ಮಾಡಿ ಮುಂದುವರಿಸೋದು ಕಲಿತವು. ಆದರೂ 2012ರ 5ಡಿ ಮಾರ್ಕ್ ತ್ರೀ 29 ನಿಮಿಷ 59 ಸೆಕೆಂಡಿಗೆ ನಿಲ್ತಿತ್ತು. ಈ ಗೋಡೆ ಕಟ್ಟಿದವರು ಎಂಜಿನಿಯರುಗಳಲ್ಲ, ಸುಂಕದವರು.

ಎರಡನೇ ಗೋಡೆ: ಸುಂಕದ ಕಟ್ಟೆ

1996ರಲ್ಲಿ ಸಿಂಗಾಪುರದಲ್ಲಿ ಐಟಿ ಸರಕುಗಳ ಬಗ್ಗೆ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಯ್ತು. ಕಂಪ್ಯೂಟರ್ ಮತ್ತು ಅದರ ನೆಂಟರ ಮೇಲೆ ಆಮದು ಸುಂಕ ಬೇಡ ಅನ್ನೋದು ಅದರ ಸಾರ. ಫೋಟೋ ತೆಗೆಯುವ ಡಿಜಿಟಲ್ ಕ್ಯಾಮೆರಾ ಆ ಪಟ್ಟಿಯಲ್ಲಿತ್ತು, ವಿಡಿಯೋ ಕ್ಯಾಮೆರಾ ಇರಲಿಲ್ಲ. ಯುರೋಪಿನಲ್ಲಿ ಫೋಟೋ ಕ್ಯಾಮೆರಾಗೆ ಸೊನ್ನೆ ಸುಂಕ. ವಿಡಿಯೋ ಕ್ಯಾಮೆರಾಗೆ ಶೇ 4.9, ಹೊರಗಿನ ಮೂಲದಿಂದಲೂ ರೆಕಾರ್ಡ್ ಮಾಡಬಲ್ಲದ್ದಾದರೆ ಶೇ 14.

ಎರಡೂ ಕೆಲಸ ಮಾಡೋ ಕ್ಯಾಮೆರಾ ಬಂದಾಗ ಏನು ಮಾಡೋದು? ಒಂದು ಗೆರೆ ಎಳೆದರು. 800 ಗುಣಿಲೆ 600 ಪಿಕ್ಸೆಲ್ ಅಥವಾ ಹೆಚ್ಚು, ಸೆಕೆಂಡಿಗೆ 23 ಫ್ರೇಮ್ ಅಥವಾ ಹೆಚ್ಚು, ಒಂದೇ ಓಟದಲ್ಲಿ ಕನಿಷ್ಠ 30 ನಿಮಿಷ. ಈ ಮೂರೂ ಇದ್ದರೆ ವಿಡಿಯೋ ಕ್ಯಾಮೆರಾ, ಸುಂಕ ಕಟ್ಟಿ. ಕಂಪನಿಗಳು 30 ನಿಮಿಷಕ್ಕೆ ಒಂದು ಸೆಕೆಂಡ್ ಮೊದಲೇ ಕ್ಯಾಮೆರಾ ನಿಲ್ಲೋ ಹಾಗೆ ಸಾಫ್ಟ್‌ವೇರ್ ಬರೆದವು. 2014ರ ಪ್ಯಾನಾಸೋನಿಕ್ ಜಿಎಚ್4 ಇದಕ್ಕೆ ಒಳ್ಳೆ ಸಾಕ್ಷಿ. ಅಮೆರಿಕದಲ್ಲಿ ಮಾರಿದ್ದು ಕಾರ್ಡು ತುಂಬುವವರೆಗೂ ಓಡ್ತಿತ್ತು, ಯುರೋಪಿನಲ್ಲಿ ಮಾರಿದ್ದು ಅರ್ಧ ಗಂಟೆಗೆ ನಿಲ್ತಿತ್ತು.

ಇದು ಯುರೋಪಿನ ಕತೆ, ನಮಗೇನು ಅಂತೀರಾ? 2012ರ ಮಾರ್ಚ್‌ನಲ್ಲಿ ನಮ್ಮ ಕೇಂದ್ರ ಸರ್ಕಾರವೂ ಸುಂಕ ವಿನಾಯಿತಿಯ ಅಧಿಸೂಚನೆ ತಿದ್ದಿ ಇದೇ ಗೆರೆ ತಂದಿತು. ಅದೇ 800 ಗುಣಿಲೆ 600, ಅದೇ 23 ಫ್ರೇಮ್, ಅದೇ 30 ನಿಮಿಷ. ಆ ತಿಂಗಳೇ ದಿಲ್ಲಿಗೆ ಬಂದ ಕ್ಯಾಮೆರಾಗಳು ವಿನಾಯಿತಿಗೆ ಅರ್ಹವೇ ಅಂತ ಜಗಳ ಶುರುವಾಯ್ತು. 2014ರಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ, ಅಂದ್ರೆ ಡಿಆರ್‌ಐ, ನೋಟಿಸು ಕೊಟ್ಟಿತು. ಕ್ಯಾನನ್ ಜೊತೆ ನಿಕಾನ್, ಸೋನಿ, ಸ್ಯಾಮ್‌ಸಂಗ್ ಕೂಡ ಸುಪ್ರೀಂ ಕೋರ್ಟಿನವರೆಗೆ ಹೋದವು. 2021ರ ಮಾರ್ಚ್ 9ರಂದು ಕೋರ್ಟು, ಆ ನೋಟಿಸು ಕೊಡೋ ಅಧಿಕಾರವೇ ಡಿಆರ್‌ಐ ಅಧಿಕಾರಿಗೆ ಇರಲಿಲ್ಲ ಅಂತ ಕಂಪನಿಗಳ ಪರ ತೀರ್ಪು ಕೊಟ್ಟಿತು. 2024ರ ನವೆಂಬರಿನಲ್ಲಿ ಮರುಪರಿಶೀಲನೆಯಲ್ಲಿ ಆ ನಿಲುವು ತಿರುಗಿತು. ಸುಂಕದ ವಕೀಲರೆಲ್ಲ ಬಾಯಿಪಾಠ ಮಾಡಿರೋ 'ಕ್ಯಾನನ್ ಇಂಡಿಯಾ' ಪ್ರಕರಣ ಇದೇ. ಅದರ ಬೇರು ಇರೋದು ಕ್ಯಾಮೆರಾ ಎಷ್ಟು ಹೊತ್ತು ವಿಡಿಯೋ ತೆಗೆಯುತ್ತೆ ಅನ್ನೋ ಪ್ರಶ್ನೆಯಲ್ಲಿ.

ಈ ಗೋಡೆ ಬೀಳೋಕೆ ಶುರುವಾಗಿದ್ದು 2015ರ ಡಿಸೆಂಬರಿನಲ್ಲಿ. ನೈರೋಬಿಯ ವಿಶ್ವ ವ್ಯಾಪಾರ ಸಂಸ್ಥೆಯ ಸಭೆಯಲ್ಲಿ ಐಟಿ ಒಪ್ಪಂದಕ್ಕೆ ಇನ್ನೂ 201 ಸರಕುಗಳು ಸೇರಿದವು, ವಿಡಿಯೋ ಕ್ಯಾಮೆರಾ ಕೂಡ. ಭಾರತ ಆ ಎರಡನೇ ಒಪ್ಪಂದಕ್ಕೆ ಸೇರಲಿಲ್ಲ. ಆದರೆ ಯುರೋಪು ಹಂತಹಂತವಾಗಿ ಸುಂಕ ಇಳಿಸಿತು. ದೊಡ್ಡ ಮಾರುಕಟ್ಟೆಯಲ್ಲಿ ಕಾರಣ ಹೋದ ಮೇಲೆ ಕಂಪನಿಗಳೂ ಮಿತಿಯನ್ನು ಒಂದೊಂದಾಗಿ ಕೈಬಿಟ್ಟವು. 2017ರ ಪ್ಯಾನಾಸೋನಿಕ್ ಜಿಎಚ್5ರಲ್ಲಿ ಮಿತಿ ಇರಲಿಲ್ಲ. ಮಧ್ಯಮ ಬೆಲೆಯಲ್ಲಿ ಮುಖ್ಯವಾದದ್ದು 2019ರ ಜನವರಿಯಲ್ಲಿ ಬಂದ ಸೋನಿ ಎ6400. 2018ರ ಕ್ಯಾನನ್ ಎಂ50ಯಲ್ಲಿ ಮಿತಿ ಇನ್ನೂ ಇದೆ.

ಮೂರನೇ ಗೋಡೆ: ಬಿಸಿ

ಸುಂಕದ ಗೋಡೆ ಬಿದ್ದಾಗ ಅದರ ಹಿಂದಿದ್ದ ಇನ್ನೊಂದು ಕಾಣಿಸಿತು. ಅಂಗೈಯಗಲದ ಡಬ್ಬಿಯೊಳಗೆ ಸೆನ್ಸರ್, ಪ್ರೊಸೆಸರ್, ಬ್ಯಾಟರಿ ಎಲ್ಲಾ ಒಟ್ಟಿಗೆ ಕಾಯ್ತವೆ. ಫ್ಯಾನ್ ಇಲ್ಲ. 4ಕೆ ವಿಡಿಯೋಗೆ ಸೆನ್ಸರ್ ಬಿಡುವಿಲ್ಲದೆ ಓದ್ತಾ ಇರಬೇಕು. 2016ರ ಸೋನಿ ಎ6300 ಇದಕ್ಕೇ ಹೆಸರು ಕೆಡಿಸಿಕೊಂಡಿತು. 2020ರಲ್ಲಿ ಬಂದ ದುಬಾರಿ ಕ್ಯಾನನ್ ಆರ್5 ಕೂಡ 8ಕೆಯಲ್ಲಿ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಬಿಸಿಯಾಗಿ ನಿಲ್ತಿತ್ತು. 2022ರಲ್ಲಿ ಅದರ ವಿಡಿಯೋ ರೂಪವಾದ ಆರ್5 ಸಿಗೆ ಫ್ಯಾನೇ ಇಟ್ಟರು. ಏಪ್ರಿಲ್ ತಿಂಗಳ ಚೆನ್ನೈಯಲ್ಲಿ, ಸದ್ದಾಗುತ್ತೆ ಅಂತ ಏಸಿ, ಫ್ಯಾನು ಎರಡೂ ಆರಿಸಿ ರೆಕಾರ್ಡ್ ಮಾಡೋರಿಗೆ ಈ ಗೋಡೆ ಚೆನ್ನಾಗಿ ಗೊತ್ತು.

ಹಾಗಾದರೆ ಯಾವುದು ತಗೊಳ್ಳೋದು?

ಸ್ಟುಡಿಯೋ ಮಾತಿಗೆ ಮೆಗಾಪಿಕ್ಸೆಲ್ ಕೊನೆಯ ಪ್ರಶ್ನೆ. ಮೊದಲ ಪ್ರಶ್ನೆ, ಎದುರಿಗೆ ಕೂತವರು ಮಾತಾಡುವಷ್ಟು ಹೊತ್ತು ಇದು ನೋಡ್ತಾ ಕೂರುತ್ತಾ? ನನ್ನ ಪಟ್ಟಿ ಚಿಕ್ಕದು. ಹೊಸದಾಗಲಿ ಹಳೆಯದಾಗಲಿ, ಸೋನಿ ಎ6400 ಅಥವಾ 2021ರ ಜೆಡ್‌ವಿ-ಇ10. ಎರಡರಲ್ಲೂ ಸಮಯದ ಮಿತಿ ಇಲ್ಲ, ಯುಎಸ್‌ಬಿಯಿಂದಲೇ ವಿದ್ಯುತ್ ಕೊಡಬಹುದು, ಮೈಕ್ ಹಾಕೋ ಜಾಗ ಇದೆ. ಜೆಡ್‌ವಿ-ಇ10ಗೆ ಹೆಡ್‌ಫೋನ್ ಜಾಗವೂ ಇದೆ, ಧ್ವನಿ ಬರ್ತಿದೆಯಾ ಅಂತ ಕೇಳ್ಕೊಳ್ಳಬಹುದು. 2023ರ ಕ್ಯಾನನ್ ಆರ್50 ಒಂದು ಗಂಟೆಗೆ ನಿಲ್ಲುತ್ತೆ. ನಿಮ್ಮ ಮಾತು ಅಷ್ಟರಲ್ಲಿ ಮುಗಿಯೋದಾದರೆ ಅದೂ ಒಳ್ಳೆಯದೇ.

ಮನೆಯಲ್ಲಿ ಈಗಾಗಲೇ ಎಂ50 ಇದ್ದರೆ ಮಾರಬೇಡಿ. 4ಕೆ ಆಸೆ ಬಿಟ್ಟು ಫುಲ್ ಎಚ್‌ಡಿಯಲ್ಲೇ ಇಡಿ. 4ಕೆಯಲ್ಲಿ ಅದರ ಚಿತ್ರ ಕತ್ತರಿಸಿಹೋಗುತ್ತೆ, ಒಳ್ಳೆ ಆಟೋಫೋಕಸ್ಸೂ ಸಿಗಲ್ಲ. ಎಚ್‌ಡಿಎಂಐ ತಂತಿ, ಕ್ಯಾಪ್ಚರ್ ಕಾರ್ಡ್ ಹಾಕಿ ಲ್ಯಾಪ್‌ಟಾಪಿನಲ್ಲೇ ರೆಕಾರ್ಡ್ ಮಾಡಿದರೆ ಅರ್ಧ ಗಂಟೆಯ ರೆಕಾರ್ಡಿಂಗ್ ಮಿತಿಯ ಕಾಟ ತಪ್ಪುತ್ತೆ. ತಾನಾಗಿ ಆಫ್ ಆಗೋ ಸೆಟ್ಟಿಂಗ್ ಮಾತ್ರ ತೆಗೆದುಹಾಕಿ.

ಕೊಳ್ಳೋ ದಿನ ಒಂದು ಪರೀಕ್ಷೆ ಮಾಡಿ. 25 ಫ್ರೇಮ್, ಶಟರ್ 1/50, ನಿಮ್ಮದೇ ರೂಮು, ನಿಮ್ಮದೇ ಲೈಟು, ಫ್ಯಾನ್ ಆಫ್. ಒಂದೂವರೆ ಗಂಟೆ ಓಡಿಸಿ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆಗೆ ಗಂಟೆಗೆ 45 ಜಿಬಿ ಬೇಕು, ಆದ್ದರಿಂದ ಈ ಪರೀಕ್ಷೆಗೆ 128 ಜಿಬಿ ಕಾರ್ಡೇ ಹಾಕಿ. ಅಮೆರಿಕದಿಂದ ಅಣ್ಣನೋ ಅಕ್ಕನೋ ತಂದುಕೊಡೋದಾದರೆ ಆ ಮಾದರಿಯಲ್ಲಿ 25 ಫ್ರೇಮ್ ಇದೆಯಾ, ವಾರಂಟಿ ಇಲ್ಲಿ ನಡೆಯುತ್ತಾ ಅಂತ ಮೊದಲು ಕೇಳಿ.

ಆ ಅಜ್ಜನ ಹತ್ತಿರ ಮತ್ತೆ ಹೋಗಿದ್ವಿ, ಮಿತಿ ಇಲ್ಲದ ಕ್ಯಾಮೆರಾ ತಗೊಂಡು. ಎರಡು ಗಂಟೆ ಮಾತಾಡಿದರು, ಒಳ್ಳೆ ಮಾತು. ಮೇಷ್ಟ್ರ ಸುದ್ದಿಗೆ ಬಂದಾಗ ಮಾತ್ರ, "ಅದನ್ನ ಅವತ್ತೇ ಹೇಳಿದ್ನಲ್ಲ ಮಾರಾಯ್ರೆ" ಅಂದು ಮುಂದೆ ಹೋದರು.

ನಿಮ್ಮ ಮನೆಯಲ್ಲೂ ಅಂಥವರು ಇರ್ತಾರೆ. ಕೂರಿಸಿ ಮಾತಾಡಿಸೋ ಮೊದಲು ಕ್ಯಾಮೆರಾ ಪರೀಕ್ಷೆ ಮಾಡಿಟ್ಟುಕೊಳ್ಳಿ.