ದೊರೆಯ ಸಾಲಕ್ಕೆ ಹೋದ ರಾಯಚೂರು ಸೀಮೆ

ಬಜೆಟ್ ಬಂದಾಗಲೆಲ್ಲ ಸರ್ಕಾರದ ಸಾಲದ ಮಾತು ಘತ್ತರಗಿಯಂಥ ಊರಿನ ಚಹಾ ಅಂಗಡಿಗೂ ಬರುತ್ತದೆ. ಸಾಲಕ್ಕೆ ಇಷ್ಟೇ ಮಿತಿ ಎಂದು ಸಂವಿಧಾನದಲ್ಲೇ ಬರೆದುಬಿಡಲಿ ಎನ್ನುವವರೂ ಇದ್ದಾರೆ. ಲಂಗುಲಗಾಮಿಲ್ಲದ ಸಾಲ ಏನು ಮಾಡುತ್ತದೆ ಎಂಬುದನ್ನು ನಮ್ಮ ಸೀಮೆ ಒಮ್ಮೆ ಕಂಡಿದೆ.

ನಿಜಾಮರ ಕಾಲದಲ್ಲಿ ಖಜಾನೆ ಬರಿದಾದರೆ ಹೈದರಾಬಾದಿನ ಸಾಹುಕಾರರು, ಅರಬ್ ಜಮಾದಾರರು ಹಣ ಕೊಡುತ್ತಿದ್ದರು. ಬದಲಿಗೆ ತಾಲ್ಲೂಕಿನ ಕಂದಾಯ ಎತ್ತುವ ಹಕ್ಕನ್ನೇ ಬರೆಸಿಕೊಳ್ಳುತ್ತಿದ್ದರು. ಸಾಲ ಕೊಟ್ಟವನೇ ವಸೂಲಿಗೆ ನಿಂತರೆ ರೈತನ ಕಣದಲ್ಲಿ ಏನು ಉಳಿದೀತು?

ಈಸ್ಟ್ ಇಂಡಿಯಾ ಕಂಪನಿಯ ಬಾಕಿ ಇನ್ನೂ ವಿಚಿತ್ರ. ಹೈದರಾಬಾದ್ ಕಂಟಿಂಜೆಂಟ್ ಎಂಬ ದಂಡು ಇಂಗ್ಲಿಷ್ ಅಧಿಕಾರಿಗಳ ಕೈಯಲ್ಲಿ, ಅದರ ಪಗಾರ ನಿಜಾಮನ ತಲೆಯ ಮೇಲೆ. ಪಗಾರ ನಿಂತಾಗ ಕಂಪನಿ ತಾನೇ ಕೊಟ್ಟು ಸಾಲದ ಲೆಕ್ಕ ಬರೆದುಕೊಂಡಿತು. 1853ರ ಒಪ್ಪಂದದಲ್ಲಿ ಬೇರಾರ್, ಧಾರಾಶಿವ ಮತ್ತು ಕೃಷ್ಣಾ–ತುಂಗಭದ್ರೆಯ ನಡುವಿನ ರಾಯಚೂರು ದೋಆಬ್ ಕಂಪನಿಯ ಆಡಳಿತಕ್ಕೆ ಹೋದವು. ಅಲ್ಲಿನ ಕನ್ನಡ ರೈತರನ್ನು ಯಾರೂ ಕೇಳಲಿಲ್ಲ. ಅದೇ ವರ್ಷ ದಿವಾನರಾದ ಸಾಲಾರ್ ಜಂಗ್ ಒತ್ತೆ ಬಿದ್ದ ತಾಲ್ಲೂಕುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳತೊಡಗಿದರು.

1857ರಲ್ಲಿ ಇಂಗ್ಲಿಷರ ಪರ ನಿಂತದ್ದಕ್ಕೆ 1860ರಲ್ಲಿ ನಿಜಾಮನಿಗೆ ದೋಆಬ್, ಧಾರಾಶಿವ ಮರಳಿದವು, 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ಬಂಡೆದ್ದ ಸುರಪುರವನ್ನೂ ಅವನಿಗೇ ಕೊಟ್ಟರು. ಬೇರಾರ್ ಮಾತ್ರ ಕೈಗೆ ಬರಲೇ ಇಲ್ಲ.

ಇಂದಿನ ಸಂವಿಧಾನದ 293ನೇ ವಿಧಿ ರಾಜ್ಯಗಳಿಗೆ ದೇಶದೊಳಗೆ ಮಾತ್ರ ಸಾಲ ಎತ್ತಲು ಬಿಡುತ್ತದೆ. ಕೇಂದ್ರದ ಸಾಲ ಬಾಕಿಯಿದ್ದರೆ ಕೇಂದ್ರದ ಒಪ್ಪಿಗೆ ಬೇಕು. ಆದರೆ ಅದರಲ್ಲಿ ಅಂಕಿ ಇಲ್ಲ. ಮಿತಿ ಹಾಕಿಕೊಳ್ಳುವುದನ್ನು ವಿಧಾನಮಂಡಲಕ್ಕೇ ಬಿಟ್ಟಿದೆ. 2002ರಲ್ಲಿ ಅಂಥ ಹಣಕಾಸು ಹೊಣೆಗಾರಿಕೆ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ವಿತ್ತೀಯ ಕೊರತೆ, ಅಂದರೆ ವರ್ಷದ ಖರ್ಚಿಗೆ ಸಾಲ ತಂದು ತುಂಬುವ ಭಾಗ, ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು. ಒಟ್ಟು ಹೊಣೆ ಶೇ 25 ಮೀರಬಾರದು. ಕೊರೊನಾ ಬಂದ 2020ರಲ್ಲಿ ಆ 3 ಅನ್ನು ತಿದ್ದುಪಡಿ ಮಾಡಿ 5ಕ್ಕೆ ಏರಿಸಿದರು.

ಮಿತಿಯನ್ನು ಇಷ್ಟು ಸಲೀಸಾಗಿ ಏರಿಸಬಹುದಾದರೆ ಅದು ಎಂಥ ಮಿತಿ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಆದರೂ ಅಂಕಿಯನ್ನು ಸಂವಿಧಾನದಲ್ಲಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಭೀಮೆಗೆ ಪ್ರವಾಹ ಬಂದ ವರ್ಷ ಪರಿಹಾರ ಕೊಡಲು ರಾಜ್ಯ ದಿಲ್ಲಿಯ ಸಂಸತ್ತಿನ ತಿದ್ದುಪಡಿಗೆ ಕಾಯಬೇಕಾದೀತು. ಒಪ್ಪಿಗೆಯ ಹೆಸರಿನಲ್ಲಿ ಕೇಂದ್ರ ಎಷ್ಟು ಬಿಗಿ ಮಾಡಬಹುದು ಎಂದು ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಆ ಪ್ರಶ್ನೆ ಐವರು ನ್ಯಾಯಮೂರ್ತಿಗಳ ಪೀಠದ ಪಾಲಾಯಿತು.

2025-26ರ ಬಜೆಟ್ ಪ್ರಕಾರ ಕರ್ನಾಟಕದ ಒಟ್ಟು ಹೊಣೆ 7,64,655 ಕೋಟಿ ರೂಪಾಯಿ. ರಾಜ್ಯದ ಉತ್ಪನ್ನದ ಶೇ 24.91.