ಏಳು ಸೆಕೆಂಡು ತಡವಾದ ನೇರಪ್ರಸಾರ

ರೇಡಿಯೋಗೆ ಫೋನ್ ಮಾಡಿದ ಕೂಡಲೇ ನಿರೂಪಕರು ಹೇಳುವುದು, 'ಮೊದಲು ನಿಮ್ಮ ರೇಡಿಯೋ ಸೌಂಡ್ ಕಡಿಮೆ ಮಾಡಿ.' ಅಮೆರಿಕದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಏಳು ಸೆಕೆಂಡಿನ ಹಿಂದೆ ತಾವೇ ಆಡಿದ ಮಾತು ಕಿವಿಗೆ ಬಿದ್ದು ಜನ ತೊದಲುತ್ತಿದ್ದರು.

1950ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಅಲೆನ್‌ಟೌನ್ ಊರಿನ ಡಬ್ಲ್ಯುಕೆಎಪಿ ಕೇಂದ್ರ ಈ ಉಪಾಯ ಬಳಸಿದ ಮೊದಲಿಗರಲ್ಲೊಂದು. ಒಂದು ಯಂತ್ರ ಮಾತನ್ನು ಟೇಪಿಗೆ ಇಳಿಸುತ್ತದೆ. ಅದೇ ಟೇಪು ಓಡಿಹೋಗಿ ದೂರದಲ್ಲಿಟ್ಟ ಇನ್ನೊಂದು ಯಂತ್ರದಲ್ಲಿ ನುಡಿಯುತ್ತದೆ. ನಾವು ಲೆಕ್ಕ ಹಾಕಿದೆವು: ಸೆಕೆಂಡಿಗೆ 7.5 ಇಂಚು ಓಡುವ ಟೇಪಾದರೆ ಏಳು ಸೆಕೆಂಡಿಗೆ 52.5 ಇಂಚು. ನಾಲ್ಕು ಅಡಿ ಚಿಲ್ಲರೆ, ಅಷ್ಟೇ! ಆ ದಾರಿ ಸವೆಯುವುದರೊಳಗೆ ಸ್ಟುಡಿಯೋದವರು ಗುಂಡಿ ಒತ್ತಬೇಕು.

ಬೈಗುಳ ಪ್ರಸಾರವಾದರೆ ಕೇಂದ್ರದ ಲೈಸೆನ್ಸಿಗೇ ಕುತ್ತು. ಆ ಭಯ ನಮಗೂ ಅರ್ಥವಾಗುತ್ತದೆ. ಆದರೆ ಗುಂಡಿಗೆ ಬೈಗುಳ ಯಾವುದು, ಕಹಿಸತ್ಯ ಯಾವುದು ಎಂದು ಗೊತ್ತಿಲ್ಲ. ಒತ್ತುವ ಬೆರಳೇ ತೀರ್ಮಾನಿಸಬೇಕು, ಅದೂ ಏಳು ಸೆಕೆಂಡಿನಲ್ಲಿ.

ಟೇಪಿನ ಕಾಲದಲ್ಲಿ ಒಂದು ತೊಂದರೆಯಿತ್ತು. ಗುಂಡಿ ಒತ್ತಿ ಆ ಏಳು ಸೆಕೆಂಡನ್ನು ಹಾರಿಸಿದರೆ ಪ್ರಸಾರ ನಿಜಕ್ಕೂ ನೇರವಾಗಿಬಿಡುತ್ತಿತ್ತು. ತಕ್ಷಣ ಇನ್ನೊಬ್ಬ ಬೈದರೆ ತಡೆಯಲು ಏನೂ ಇಲ್ಲ. ಹಾಗಾಗಿ ಜಾಹೀರಾತೋ ಹಾಡೋ ಹಾಕಿ ಮತ್ತೆ ಅಂತರ ಹೊಂದಿಸಿಕೊಳ್ಳಬೇಕಿತ್ತು. ಜಾಣ ಕೇಳುಗರಿಗೆ ಅಷ್ಟರಲ್ಲಿ ಗುಮಾನಿ ಬರುತ್ತಿತ್ತೇನೋ.

1977ರಲ್ಲಿ ಈವೆಂಟೈಡ್ ಕಂಪನಿಯ ಡಿಜಿಟಲ್ ಯಂತ್ರ ಬಂತು. ಕತ್ತರಿಸಿದ ಮೇಲೆ ಅದು ಮಾತಿನ ನಡುವಿನ ಮೌನಗಳನ್ನೇ ಚೂರುಚೂರು ಹಿಗ್ಗಿಸಿ, ಕಳೆದುಹೋದ ಸೆಕೆಂಡುಗಳನ್ನು ಮತ್ತೆ ಕೂಡಿಸಿಕೊಳ್ಳುತ್ತಿತ್ತು. ನಡುವೆ ಹಾಡು ಹಾಕುವ ಅಗತ್ಯವೇ ಉಳಿಯಲಿಲ್ಲ.