ಬೀಗ ಒಡೆದವರ ಫೋನು

ಮೊದಲ ಆಂಡ್ರಾಯ್ಡ್ ಫೋನು ಟಿ-ಮೊಬೈಲ್ ಜಿ1 ಅಮೆರಿಕದ ಅಂಗಡಿಗೆ ಬಂದದ್ದು 2008ರ ಅಕ್ಟೋಬರಿನಲ್ಲಿ. ತಯಾರಿಸಿದ್ದು ಎಚ್‌ಟಿಸಿ. ಅದರಲ್ಲೊಂದು ವಿಚಿತ್ರ ಎಡವಟ್ಟು ಉಳಿದುಬಿಟ್ಟಿತ್ತು: ಏನೇ ಟೈಪ್ ಮಾಡಿದರೂ ಆ ಅಕ್ಷರಗಳು ತೆರೆಮರೆಯಲ್ಲಿ ಸಿಸ್ಟಮ್ಮಿಗೂ ಆಜ್ಞೆಯಾಗಿ ಹೋಗುತ್ತಿದ್ದವು. ಮೆಸೇಜು ಬರೆಯುತ್ತ ‘ರೀಬೂಟ್’ ಎಂದು ಒತ್ತಿ ಎಂಟರ್ ಹೊಡೆದರೆ ಫೋನು ನಿಜಕ್ಕೂ ಆರಿ ಮತ್ತೆ ಶುರುವಾಗುತ್ತಿತ್ತು! ಗೂಗಲ್ ಬೇಗನೆ ತೇಪೆ ಹಾಕಿತೇನೋ ಸರಿ, ಅಷ್ಟರಲ್ಲಿ ಹವ್ಯಾಸಿಗಳು ‘ಟೆಲ್‌ನೆಟ್‌ಡಿ’ ಎಂದು ಟೈಪ್ ಮಾಡಿ ಒಳಗೆ ನುಗ್ಗಿಯಾಗಿತ್ತು. ಫೋನನ್ನು ‘ರೂಟ್’ ಮಾಡುವ, ಅಂದರೆ ಸಿಸ್ಟಮ್ಮಿನ ಪೂರ್ತಿ ಹಿಡಿತ ಪಡೆಯುವ ಹುಚ್ಚು ಹಬ್ಬಿದ್ದು ಅಲ್ಲಿಂದ.

ನುಗ್ಗಿದವರಿಗೆ ಬೇಕಿದ್ದದ್ದು ಬರೀ ಅಲಂಕಾರವಲ್ಲ, ವೇಗ ಕೂಡ. ಜಿ1ರ ರ‍್ಯಾಮ್ 192 ಎಂಬಿ. ನಾಲ್ಕು ಆ್ಯಪ್ ತೆರೆದರೆ ಏದುಸಿರು. ಮೇಲಾಗಿ, ಅಂದಿನ ಆಂಡ್ರಾಯ್ಡ್ ಪರದೆಯ ಮೇಲಿನ ಬಹುಪಾಲನ್ನು ಮುಖ್ಯ ಪ್ರೊಸೆಸರಿನಿಂದಲೇ ಬಿಡಿಸುತ್ತಿತ್ತು. ಐಫೋನು 2007ರಲ್ಲೇ ಆ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸಿತ್ತು. ಬೆರಳಾಡಿಸಿದರೆ ಪುಟ ಜಾರುವ ನಯದಲ್ಲಿ ಎರಡಕ್ಕೂ ಇದ್ದ ಅಂತರಕ್ಕೆ ಇದೊಂದು ದೊಡ್ಡ ಕಾರಣ.

ಆ ನಯಕ್ಕೆ ಆಪಲ್ ತೆತ್ತ ಬೆಲೆಯೂ ಕಡಿಮೆಯದಲ್ಲ, ತೆತ್ತವರು ಗ್ರಾಹಕರು ಅನ್ನುವುದು ಬೇರೆ ಮಾತು. ಕಾಪಿ-ಪೇಸ್ಟ್ ಸಿಕ್ಕಿದ್ದು 2009ರಲ್ಲಿ. ಹೋಮ್ ಸ್ಕ್ರೀನಿಗೆ ಇಷ್ಟದ ಚಿತ್ರ ಹಾಕಲು ಬಿಟ್ಟದ್ದು 2010ರ ಐಒಎಸ್ 4ರಲ್ಲಿ. ಆಗಲೂ ಹಳೆಯ ಐಫೋನ್ 3ಜಿಗೆ ಆ ಭಾಗ್ಯವಿರಲಿಲ್ಲ. ಅಷ್ಟು ಕೈ ಬಿಗಿ ಹಿಡಿದರೂ ಆ ಅಪ್‌ಡೇಟ್ ಹಾಕಿಕೊಂಡ 3ಜಿ ಆಮೆಯಾಯಿತು, ಆಪಲ್ 4.1 ಹೊರತಂದು ಸುಧಾರಿಸಬೇಕಾಯಿತು. ಕಾಯಲೊಲ್ಲದವರು ‘ಜೈಲ್‌ಬ್ರೇಕ್’ ಮಾಡಿ, ಅಂದರೆ ಆಪಲ್ ಹಾಕಿದ ಬೀಗ ಒಡೆದು, ಜೇ ಫ್ರೀಮನ್ ಕಟ್ಟಿದ ಸಿಡಿಯಾ ಎಂಬ ಆ್ಯಪ್ ಅಂಗಡಿಯಿಂದ ಥೀಮುಗಳನ್ನು ತಂದು ಹಾಕಿಕೊಂಡರು.

ಆಂಡ್ರಾಯ್ಡ್ ಕಡೆ 2009ರಲ್ಲಿ ಸ್ಟೀವ್ ಕೊಂಡಿಕ್ ಎಂಬ ಪ್ರೋಗ್ರಾಮರ್ ಸಯನೋಜೆನ್‌ಮಾಡ್ ಶುರುಮಾಡಿದ. ಕಂಪನಿಯ ಸಾಫ್ಟ್‌ವೇರ್ ಕಿತ್ತುಹಾಕಿ ಬೇರೊಂದನ್ನು ಕೂರಿಸುವ ಇಂಥ ‘ಕಸ್ಟಮ್ ರಾಮ್’ಗಳಲ್ಲಿ ಹೆಸರು ಮಾಡಿದ್ದು ಇದೇ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗೂಗಲ್‌ನಿಂದ ನೋಟಿಸ್ ಬಂತು: ಆಂಡ್ರಾಯ್ಡ್ ಎಲ್ಲರದ್ದು, ಆದರೆ ಜಿಮೇಲ್, ಮಾರ್ಕೆಟ್ ಮುಂತಾದ ಆ್ಯಪ್‌ಗಳು ನಮ್ಮವು, ಹಂಚುವ ಹಾಗಿಲ್ಲ. ಕೊಂಡಿಕ್ ಅವನ್ನು ಕೈಬಿಟ್ಟ. ಬಳಸುವವರು ಆ ಆ್ಯಪ್‌ಗಳನ್ನು ಬೇರೆಯಾಗಿ ಕೂರಿಸಿಕೊಳ್ಳುವ ದಾರಿ ಹುಡುಕಿಕೊಂಡರು.

ಕನ್ನಡಿಗರ ಪಾಡು ಇನ್ನೊಂದು ಬಗೆಯದು. ಆಂಡ್ರಾಯ್ಡ್ 2.2, 2.3ರ ಕಾಲದ ಹಲವು ಫೋನುಗಳಲ್ಲಿ ಕನ್ನಡವೆಂದರೆ ಸಾಲು ಸಾಲು ಖಾಲಿ ಚೌಕ. ರೂಟ್ ಮಾಡಿ ಕನ್ನಡ ಫಾಂಟನ್ನು ಸಿಸ್ಟಮ್ ಫೋಲ್ಡರಿಗೆ ತುರುಕಿದರೆ ಅಕ್ಷರವೇನೋ ಮೂಡುತ್ತಿತ್ತು, ಒತ್ತಕ್ಷರ ಮಾತ್ರ ಕೂಡಿಕೊಳ್ಳುತ್ತಿರಲಿಲ್ಲ. ‘ಅಕ್ಕ’ ಎಂದು ಬರೆದರೆ ಒತ್ತು ಕೆಳಗಿಳಿಯದೆ ಎರಡೂ ಕಕಾರ ಅಕ್ಕಪಕ್ಕ ನಿಲ್ಲುತ್ತಿದ್ದವು. ರೂಟಿನ ಉಸಾಬರಿ ಬೇಡವೆಂದವರಿಗೆ ಒಪೆರಾ ಮಿನಿ ಇತ್ತು. ವಿಳಾಸದ ಪಟ್ಟಿಯಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಹೊಡೆದು, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಎಂಬಲ್ಲಿ ‘ಯೆಸ್’ ಒತ್ತಿ ಸೇವ್ ಮಾಡಿದರೆ, ಒಪೆರಾದ ಸರ್ವರ್ ಅಕ್ಷರಗಳನ್ನು ಚಿತ್ರವಾಗಿಸಿ ಕಳಿಸುತ್ತಿತ್ತು. ಡೇಟಾ ಹೆಚ್ಚು ಖರ್ಚಾದರೂ ಕನ್ನಡದ ಪುಟ ಸರಿಯಾಗಿ ಓದಲು ಬರುತ್ತಿತ್ತು. ಕಸ್ಟಮೈಸೇಷನ್ನನ್ನು ಬರೀ ಶೋಕಿ ಎನ್ನುವವರಿಗೆ ಇದೊಂದು ಉದಾಹರಣೆ ಸಾಕು.

ವೇಗ, ಲಿಪಿ ಎರಡರ ಕೊರತೆಯನ್ನೂ ಗೂಗಲ್ ಒಟ್ಟಿಗೇ ತುಂಬಿದ್ದು 2012ರ ಆಂಡ್ರಾಯ್ಡ್ 4.1ರಲ್ಲಿ. ‘ಪ್ರಾಜೆಕ್ಟ್ ಬಟರ್’ ಎಂಬ ಕೆಲಸದಿಂದ ಪರದೆಯ ಚಿತ್ರ ಸೆಕೆಂಡಿಗೆ 60 ಬಾರಿ, ಅಂದರೆ ಸುಮಾರು 16 ಮಿಲಿಸೆಕೆಂಡಿಗೊಮ್ಮೆ, ತಪ್ಪದೆ ಬದಲಾಗುವ ಹಾಗೆ ಮಾಡಿದರು. ಸಿಸ್ಟಮ್ಮಿನ ಫಾಂಟಿಗೆ ಕನ್ನಡ, ತೆಲುಗು, ಮಲಯಾಳಂ ಸೇರಿದವು.

ಕೊಂಡಿಕ್‌ನ ಹವ್ಯಾಸ 2013ರ ಹೊತ್ತಿಗೆ ಕಂಪನಿಯಾಗಿತ್ತು. ಮರುವರ್ಷ ಅದು ಒನ್‌ಪ್ಲಸ್‌ಗೆ ಸಾಫ್ಟ್‌ವೇರ್ ಕೊಟ್ಟಿತು. ಭಾರತದ ಹಕ್ಕನ್ನು ಮಾತ್ರ ಮೈಕ್ರೋಮ್ಯಾಕ್ಸಿಗೆ ಬರೆದುಕೊಟ್ಟಿತು. ಒನ್‌ಪ್ಲಸ್ ಇಲ್ಲಿ ಫೋನು ಮಾರಲು ಬಂದಾಗ ಜಗಳ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. 2014ರ ಡಿಸೆಂಬರಿನಲ್ಲಿ ಮಾರಾಟಕ್ಕೆ ತಡೆ ಬಿತ್ತು, ಕೆಲವೇ ದಿನಗಳಲ್ಲಿ ಅದು ತೆರವೂ ಆಯಿತು. ಒನ್‌ಪ್ಲಸ್ 2015ರಲ್ಲಿ ಆಕ್ಸಿಜನ್ ಒಎಸ್ ಎಂಬ ತನ್ನದೇ ಸಾಫ್ಟ್‌ವೇರ್ ತಂದಿತು. ಸಯನೋಜೆನ್ ಕಂಪನಿ 2016ರ ಕೊನೆಗೆ ತನ್ನ ಸೇವೆಗಳನ್ನು ನಿಲ್ಲಿಸಿತು. ಅದರ ಮುಕ್ತ ಕೋಡನ್ನು ಹವ್ಯಾಸಿಗಳೇ ಎತ್ತಿಕೊಂಡು, ಲೀನಿಯೇಜ್ ಒಎಸ್ ಎಂಬ ಹೆಸರಿಟ್ಟು ಮುಂದುವರಿಸಿದರು.